ಫ್ರಾಂಚೈಸಿ ತಗೋಬೇಕಾ, ಸ್ವಂತ ಬೋರ್ಡ್ ಹಾಕಬೇಕಾ? ಸಹಿಗೆ ಮುಂಚೆ ಈ ಲೆಕ್ಕ ನೋಡಿ

ಬಂಡೂರು (ಮಳವಳ್ಳಿ ತಾ.): ಬೆಂಗಳೂರು, ಮೈಸೂರಿನ ಎಷ್ಟೋ ಮಟನ್ ಅಂಗಡಿಗಳ ಬೋರ್ಡಿನಲ್ಲಿ ‘ಬಂಡೂರು ಕುರಿ’ ಅಂತ ಇರುತ್ತೆ. ಹಾಗೆ ಬರೆಸಿದ್ದಕ್ಕೆ ಅವರೇನೂ ಈ ಊರಿಗೆ ಫೀಸು ಕಟ್ಟುತ್ತಿಲ್ಲ. ಆದರೆ ಇದೇ ಊರಿನ ಹುಡುಗ ಮಳವಳ್ಳಿಯಲ್ಲೋ ಮದ್ದೂರಿನಲ್ಲೋ ಒಂದು ಟೀ ಕಂಪನಿಯ ಹೆಸರು ಹಾಕಿಕೊಂಡು ಅಂಗಡಿ ತೆಗೀಬೇಕು ಅಂದ್ರೆ ಮೊದಲು ಲಕ್ಷಗಟ್ಟಲೆ, ಆಮೇಲೆ ತಿಂಗಳು ತಿಂಗಳೂ ದುಡ್ಡು ಕಟ್ಟಬೇಕು. ಇದೇ ಫ್ರಾಂಚೈಸಿ.

‘ಕಡಿಮೆ ಬಂಡವಾಳ, ಖಚಿತ ಆದಾಯ’ ಅಂತ ಮೊಬೈಲಿಗೆ ಜಾಹೀರಾತು ಬರುತ್ತಲೇ ಇರುತ್ತೆ. ಅದನ್ನು ನಂಬಿ ಒಡವೆ ಗಿರವಿ ಇಡುವ ಮುಂಚೆ, ಜಮೀನಿನ ಮೇಲೆ ಸಾಲ ಎತ್ತುವ ಮುಂಚೆ, ಕೊಡುವ ದುಡ್ಡಿಗೆ ಏನು ಸಿಗುತ್ತೆ ಅಂತ ತಿಳಿದುಕೊಳ್ಳುವುದು ಒಳ್ಳೇದು.

ಎಲ್ಲ ಫ್ರಾಂಚೈಸಿಯೂ ಒಂದೇ ಅಲ್ಲ

ಫ್ರಾಂಚೈಸಿ ನಮ್ಮ ಕಡೆಗೆ ಹೊಸದೇನಲ್ಲ. 2022ರ ಜನವರಿಯಲ್ಲಿ ಸರ್ಕಾರ ಶುರು ಮಾಡಿದ ಗ್ರಾಮ ಒನ್ ಕೇಂದ್ರಗಳೂ ಫ್ರಾಂಚೈಸಿ ಪದ್ಧತಿಯವೇ.

ದುಡ್ಡಿನ ಲೆಕ್ಕ ಮುಖ್ಯವಾಗಿ ಎರಡು ಥರ. ಮೊದಲನೆಯದು ಕಮಿಷನ್. ಉದಾಹರಣೆಗೆ ಜನೌಷಧಿ ಕೇಂದ್ರದಲ್ಲಿ ತೆರಿಗೆ ಬಿಟ್ಟು ಎಂಆರ್‌ಪಿ ಮೇಲೆ ಶೇ. 20 ಅಂಗಡಿಯವರಿಗೆ ಉಳಿಯುತ್ತೆ. ಆದರೆ ಅಲ್ಲಿ ಫಾರ್ಮಸಿ ಓದಿದವರು ಇರಲೇಬೇಕು. ಎರಡನೆಯದು ರಾಯಲ್ಟಿ. ಇಲ್ಲಿ ಶುರುವಿನಲ್ಲಿ ಫೀಸು, ಆಮೇಲೆ ಪ್ರತಿ ತಿಂಗಳೂ ಮಾರಾಟದಲ್ಲಿ ಪಾಲು. ಟೀ, ಬರ್ಗರ್, ಪಿಜ್ಜಾ ಕಂಪನಿಗಳಲ್ಲಿ ಹೆಚ್ಚಾಗಿ ಕಾಣೋದು ಇದೇ.

ಅನುಕೂಲ ಇಲ್ಲದೆ ಇಲ್ಲ

ಅಂಗಡಿ ಹೇಗಿರಬೇಕು, ಸಾಮಾನು ಎಲ್ಲಿಂದ ತರಬೇಕು, ರೇಟು ಎಷ್ಟು ಇಡಬೇಕು ಅನ್ನೋದನ್ನೆಲ್ಲ ಕಂಪನಿಯೇ ಹೇಳಿಕೊಡುತ್ತೆ. ಕೆಲಸದವರಿಗೆ ತರಬೇತಿ ಸಿಗುತ್ತೆ. ಟಿವಿ, ಮೊಬೈಲಿನಲ್ಲಿ ಹೆಸರು ನೋಡಿದ ಗಿರಾಕಿ ಮೊದಲ ದಿನವೇ ಬರಬಹುದು. ಎಲ್ಲ ಪೇಪರ್ ರೆಡಿ ಇರೋದರಿಂದ ಬ್ಯಾಂಕಿಗೆ ತೋರಿಸೋಕೂ ಸುಲಭ. ವ್ಯಾಪಾರದ ಅನುಭವವೇ ಇಲ್ಲದವರಿಗೆ ಇದು ಸಣ್ಣ ಸಹಾಯವಲ್ಲ.

ಲಾಭದ ಮೇಲಲ್ಲ, ಮಾರಾಟದ ಮೇಲೆ

ಬಹಳ ಜನ ಎಡವೋದು ಇಲ್ಲೇ. ರಾಯಲ್ಟಿಯನ್ನು ಸಾಮಾನ್ಯವಾಗಿ ಲಾಭದ ಮೇಲೆ ಹಾಕಲ್ಲ, ಮಾರಾಟದ ಮೇಲೆ ಹಾಕ್ತಾರೆ. ನಷ್ಟದ ತಿಂಗಳಲ್ಲೂ ಕಟ್ಟಲೇಬೇಕು. ಅದರ ಮೇಲೆ ಶೇ. 18 ಜಿಎಸ್‌ಟಿ ಬೇರೆ. ಅಂಗಡಿ ಕಾಂಪೊಸಿಷನ್ ಸ್ಕೀಮಿನಲ್ಲಿದ್ದರೆ ಆ ಜಿಎಸ್‌ಟಿ ವಾಪಸ್ ಸಿಗಲ್ಲ.

ಅಂದಾಜಿಗೆ ಒಂದು ಲೆಕ್ಕ ಹಾಕೋಣ. ತಿಂಗಳಿಗೆ 3 ಲಕ್ಷ ರೂ. ಮಾರಾಟ, ರಾಯಲ್ಟಿ ಶೇ. 5 ಅಂತಿಟ್ಟುಕೊಳ್ಳಿ.

- ಸಾಮಾನು (ಶೇ. 55): 1,65,000 ರೂ.
- ರಾಯಲ್ಟಿ, ಜಿಎಸ್‌ಟಿ ಸೇರಿ: 17,700 ರೂ.
- ಬಾಡಿಗೆ: 15,000 ರೂ.
- ಮೂವರ ಸಂಬಳ: 45,000 ರೂ.
- ಕರೆಂಟು, ಗ್ಯಾಸು, ಇತರೆ: 15,000 ರೂ.

ಉಳಿಯೋದು 42,300 ರೂ. ಪರವಾಗಿಲ್ಲ ಅನಿಸುತ್ತೆ. ಆದರೆ ಅಂಗಡಿ ಹಾಕೋಕೆ 12 ಲಕ್ಷ ಸಾಲ ಮಾಡಿದ್ದರೆ, ಶೇ. 11 ಬಡ್ಡಿಗೆ ಐದು ವರ್ಷದ ಕಂತು ತಿಂಗಳಿಗೆ ಸುಮಾರು 26,000 ರೂ. ಬೆಳಗ್ಗೆಯಿಂದ ರಾತ್ರಿವರೆಗೂ ಗಲ್ಲಾ ಮುಂದೆ ಕೂತವರ ಕೈಗೆ ಸಿಗೋದು 16,000 ರೂ. ಆಸುಪಾಸು.

ಮಾರಾಟ 2 ಲಕ್ಷಕ್ಕೆ ಇಳಿದರೆ? ಬಾಡಿಗೆ, ಸಂಬಳ, ಕರೆಂಟು ಇಳಿಯಲ್ಲ. ಖರ್ಚೆಲ್ಲ ಕಳೆದು ಉಳಿಯೋದು 3,200 ರೂ. ಕಂತಿಗೆ ಕೈಯಿಂದ ಸುಮಾರು 23,000 ರೂ. ಹಾಕಬೇಕು.

ಮಾರಾಟ ಇಳಿಯೋದು ಈ ಕಡೆ ಅಪರೂಪವೂ ಅಲ್ಲ. ಕಬ್ಬಿನ ಬಿಲ್ಲು ತಡವಾದರೆ, ನಾಲೆಗೆ ನೀರು ಬಿಡದಿದ್ದರೆ ಪೇಟೆ ತಣ್ಣಗಾಗುತ್ತೆ. 2023ರ ಸೆಪ್ಟೆಂಬರ್‌ನಲ್ಲಿ ಕಾವೇರಿ ನೀರಿಗಾಗಿ ಮಂಡ್ಯ ಬಂದ್ ಆಯಿತು, ಆ ವಾರದಲ್ಲೇ ಕರ್ನಾಟಕ ಬಂದ್ ಕೂಡ ಆಯಿತು. ಬಾಗಿಲು ಹಾಕಿದ ದಿನಕ್ಕೂ ಬಾಡಿಗೆ ಓಡುತ್ತೆ. ಸ್ವಂತ ಅಂಗಡಿಯಾದರೆ ಟೀ ಜೊತೆ ಬೋಂಡಾನೂ ಮಾರಿ ಸುಧಾರಿಸಿಕೊಳ್ಳಬಹುದು. ಫ್ರಾಂಚೈಸಿಯಲ್ಲಿ ಕಂಪನಿ ಒಪ್ಪದೆ ಒಂದು ಐಟಂ ಸೇರಿಸೋ ಹಾಗಿಲ್ಲ.

ಜಾಗವೂ ಅಷ್ಟೇ ಮುಖ್ಯ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಮದ್ದೂರು, ಮಂಡ್ಯ ಬೈಪಾಸ್‌ಗಳಿಂದಾಗಿ ಹಳೇ ಹೆದ್ದಾರಿಯ ಹೋಟೆಲು, ಅಂಗಡಿಗಳ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಅಗ್ರಿಮೆಂಟಿನಲ್ಲಿ ಬರೆದ ಜಾಗ ಬಿಟ್ಟು ಬೇರೆ ಕಡೆ ಹೋಗಬೇಕಾದರೆ ಅದಕ್ಕೂ ಕಂಪನಿ ಒಪ್ಪಬೇಕು.

ಅಗ್ರಿಮೆಂಟಿನಲ್ಲಿ ಏನು ನೋಡಬೇಕು

ನಮ್ಮ ದೇಶದಲ್ಲಿ ಫ್ರಾಂಚೈಸಿಗೆ ಅಂತಲೇ ಪ್ರತ್ಯೇಕ ಕಾನೂನು ಇಲ್ಲ. ಜಗಳ ಬಂದರೆ 1872ರ ಕರಾರು ಕಾಯ್ದೆ, 1999ರ ಟ್ರೇಡ್ ಮಾರ್ಕ್ ಕಾಯ್ದೆಯಂಥವೇ ಗತಿ. ಹಾಗಾಗಿ ಪೇಪರಿನಲ್ಲಿ ಬರೆದಿರೋದೇ ಕೊನೆಗೆ ಕೈಹಿಡಿಯೋದು. ಸಹಿಗೆ ಮುಂಚೆ ವಕೀಲರ ಹತ್ತಿರ ಓದಿಸಿ, ಇವನ್ನು ಕೇಳಿ:

- ಎಷ್ಟು ವರ್ಷ? ಮುಗಿದ ಮೇಲೆ ಮತ್ತೆ ಫೀಸು ಕಟ್ಟಬೇಕಾ?
- ಇದೇ ಊರಲ್ಲಿ ಇನ್ನೊಬ್ಬರಿಗೆ ಕೊಡಲ್ಲ ಅಂತ ಬರೆದುಕೊಡ್ತಾರಾ?
- ಮಧ್ಯದಲ್ಲಿ ಬಿಟ್ಟರೆ ಡಿಪಾಸಿಟ್ ವಾಪಸ್ ಬರುತ್ತಾ? ಮಿಷನ್, ಫರ್ನಿಚರ್ ಯಾರದು?
- ಸಾಮಾನು ಕಂಪನಿಯಿಂದಲೇ ತಗೋಬೇಕಾ? ರೇಟು ಏರಿಸಿದರೆ?
- ಕೇಸು ಯಾವ ಊರಿನ ಕೋರ್ಟಿನಲ್ಲಿ? ಮುಂಬೈ, ದಿಲ್ಲಿ ಅಂತಿದ್ದರೆ ಓಡಾಡೋ ಖರ್ಚು ಯಾರದು?

ಕಂಪನಿ ಕೈಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಮೆಕ್‌ಡೊನಾಲ್ಡ್ಸ್ ಉದಾಹರಣೆ ಇದೆ. ಉತ್ತರ ಮತ್ತು ಪೂರ್ವ ಭಾರತದಲ್ಲಿ 169 ಅಂಗಡಿ ನಡೆಸುತ್ತಿದ್ದ ಸಂಸ್ಥೆಯ ಫ್ರಾಂಚೈಸಿಯನ್ನು ಅದು 2017ರಲ್ಲಿ ರದ್ದು ಮಾಡಿತು. ರಾಜಿ ಆಗಿದ್ದು 2019ರಲ್ಲಿ. ಅಷ್ಟು ದೊಡ್ಡವರೇ ವರ್ಷಗಟ್ಟಲೆ ಕೋರ್ಟು ಅಲೆದರು. ಒಂದು ಅಂಗಡಿಯವರ ಕೈಲಿ ಆಗುತ್ತಾ?

ಮೋಸದ ಜಾಲತಾಣ ಜೋಕೆ

ದೊಡ್ಡ ಕಂಪನಿಗಳ ಹೆಸರಲ್ಲಿ ನಕಲಿ ಜಾಲತಾಣ ಮಾಡಿ ‘ರಿಜಿಸ್ಟ್ರೇಷನ್ ಫೀಸು’ ಕಟ್ಟಿಸಿಕೊಳ್ಳೋರಿದ್ದಾರೆ. ಅಮುಲ್ ಈ ಬಗ್ಗೆ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿದೆ. ಫೋನಿನಲ್ಲೇ ಎಲ್ಲ ಮುಗಿಸಿ ‘ಇವತ್ತೇ ಕಟ್ಟಿ, ನಾಳೆ ಬೇರೆಯವರಿಗೆ ಹೋಗುತ್ತೆ’ ಅಂದರೆ ಅನುಮಾನ ಪಡಿ. ಕಂಪನಿಯ ಕಚೇರಿಗೆ ಹೋಗಿ ವಿಚಾರಿಸದೆ ದುಡ್ಡು ಹಾಕಬೇಡಿ. ಹಾಕಿ ಮೋಸ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಕೊನೆಗೆ ಯಾವುದು?

ಅದೇ ಕಂಪನಿಯ ಅಂಗಡಿ ಇಟ್ಟು ಎರಡು ವರ್ಷ ಆದವರನ್ನು, ನಮ್ಮಂಥದ್ದೇ ತಾಲ್ಲೂಕಿನಲ್ಲಿ ಹುಡುಕಿ ಮಾತಾಡಿಸಿ. ಕಂಪನಿಯವರು ತೋರಿಸೋ ಅಂಗಡಿ ಬೇಡ, ನೀವೇ ಹುಡುಕಿ. ಮುಚ್ಚಿದವರು ಸಿಕ್ಕರೆ ಇನ್ನೂ ಒಳ್ಳೇದು.

ಆಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಗಿರಾಕಿ ಬರೋದು ಬೋರ್ಡ್ ನೋಡಿಯಾ, ನಿಮ್ಮ ಮುಖ ನೋಡಿಯಾ? ಬೆಂಗಳೂರಿನಲ್ಲಿ ಬೋರ್ಡ್ ನೋಡಿ ಬರ್ತಾರೆ. ಊರಲ್ಲಿ ‘ಇಂಥವರ ಮಗನ ಅಂಗಡಿ’ ಅಂತ ಬರೋರೇ ಹೆಚ್ಚು. ಆ ಹೆಸರಿಗೆ ರಾಯಲ್ಟಿ ಇಲ್ಲ.