ಊಟ ನಿಲ್ಲಿಸಿ, ಹಾಡು ಶುರುವಾಗುತ್ತಿದೆ

ಲಿಸ್ಬನ್ ನಗರದಲ್ಲಿ ಸಂಜೆ ಗೈಡ್ ಜತೆ ಊರು ಸುತ್ತಿ, ಕೊನೆಗೆ ಊಟದ ಮೇಜಿನಲ್ಲಿ ಕುಳಿತು ಫಾದೊ ಎಂಬ ಅಲ್ಲಿನ ಹಾಡು ಕೇಳುವ ಪ್ಯಾಕೇಜುಗಳಿಗೆ ಬರವಿಲ್ಲ. ಕೆಲವರು ಮಿನಿಬಸ್ಸಿನಲ್ಲಿ ಕೂರಿಸಿಕೊಂಡು ಬೆಲೆಂ ಬಡಾವಣೆಯವರೆಗೆ ಹೋಗುತ್ತಾರೆ. ದೀಪ ಹಚ್ಚಿದ ಸ್ಮಾರಕಗಳನ್ನು ಕಿಟಕಿಯಿಂದಲೇ ತೋರಿಸಿ, ಎಂಟೂವರೆಗೆಲ್ಲ ಊಟಕ್ಕೆ ತಂದಿಳಿಸುತ್ತಾರೆ. ಇನ್ನು ಕೆಲವರು ನಡೆಸಿಕೊಂಡೇ ಹೋಗುತ್ತಾರೆ. ಯಾವುದನ್ನು ಆರಿಸಲಿ ಎಂದು ಯಾರಾದರೂ ಕೇಳಿದರೆ ನಾನು ಹಿಂದುಮುಂದು ನೋಡದೆ ನಡಿಗೆ ಎನ್ನುತ್ತೇನೆ. ಫಾದೊ ಹುಟ್ಟಿ ಬೆಳೆದದ್ದು ಏರು ಇಳಿತದ ಓಣಿಗಳಲ್ಲಿ. ಆ ಓಣಿಗಳನ್ನು ಕಾಲಲ್ಲಿ ಅಳೆಯದೆ ನೇರ ಕುರ್ಚಿಗೆ ಹೋಗಿ ಕುಳಿತರೆ, ಭಾಷೆ ತಿಳಿಯದ ನಮಗೆ ಕೇಳಿಸುವುದು ಬರೀ ದುಃಖದ ರಾಗವೊಂದೇ.

'ಊಟದ ಜತೆ ಹಾಡು ಎಂದರೆ ಟೂರಿಸ್ಟರಿಗೆಂದೇ ಕಟ್ಟಿದ ನಾಟಕ' ಎಂದು ಮೂಗು ಮುರಿಯುವವರಿದ್ದಾರೆ. ರೆಸಾರ್ಟಿನ ಹುಲ್ಲುಹಾಸಿನ ಮೇಲೆ ಯಕ್ಷಗಾನವನ್ನು ಇಪ್ಪತ್ತು ನಿಮಿಷಕ್ಕೆ ಕತ್ತರಿಸಿ ಬಡಿಸುವುದನ್ನು ಕಂಡ ನಮಗೆ ಆ ಅನುಮಾನ ಸಹಜವೇ. ಆದರೆ ಲಿಸ್ಬನ್ನಿನಲ್ಲಿ ಊಟಕ್ಕೂ ಹಾಡಿಗೂ ಗಂಟು ಬಿದ್ದದ್ದು ಪ್ರವಾಸೋದ್ಯಮದಿಂದಲ್ಲ, ಮುಖ್ಯವಾಗಿ ಒಂದು ಸರ್ಕಾರಿ ಆದೇಶದಿಂದ. ಅಲ್ಲಿಗೆ ಆಮೇಲೆ ಬರೋಣ.

ನಡಿಗೆಗೆ ಸೇರುವ ಒಂದು ಒಳ್ಳೆಯ ಜಾಗ ತೇಜೊ ನದಿಯ ದಂಡೆಯಲ್ಲಿರುವ ದೊಡ್ಡ ಚೌಕ, ಪ್ರಾಸ ದೊ ಕೊಮೆರ್ಸಿಯೊ. ಊರಿನವರು ಇದನ್ನು ಇಂದಿಗೂ ಹಳೆಯ ಹೆಸರಲ್ಲಿ 'ಅರಮನೆ ಅಂಗಳ' ಎನ್ನುತ್ತಾರೆ. ಅರಮನೆ ಮಾತ್ರ ಇಲ್ಲ. ವಾಸ್ಕೊ ಡ ಗಾಮನ ಯಾನದ ನಂತರ ಮೆಣಸಿನ ಹಣ ಹರಿದು ಬಂದಾಗ ದೊರೆ ಮನುವೆಲ್ ಇಲ್ಲಿ ನದಿಗೆ ಮುಖ ಮಾಡಿ ಅರಮನೆ ಕಟ್ಟಿಸಿದ. ಅದರ ಮಗ್ಗುಲಲ್ಲೇ 'ಕಾಸ ದ ಇಂಡಿಯ', ಭಾರತದ ವ್ಯಾಪಾರವನ್ನೆಲ್ಲ ನೋಡಿಕೊಳ್ಳುತ್ತಿದ್ದ ಕಚೇರಿ. ಇಲ್ಲಿ ನಿಂತ ಕನ್ನಡಿಗರಿಗೆ ಗೇರುಸೊಪ್ಪೆ ನೆನಪಾಗದೆ ಇರದು. ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದ ಚೆನ್ನಭೈರಾದೇವಿಯ ಸೀಮೆಯ ಕಾಳುಮೆಣಸು, ಹೊನ್ನಾವರ, ಭಟ್ಕಳಗಳ ಬಂದರು ದಾಟಿದ ಸರಕು, ಕೊನೆಗೆ ಲೆಕ್ಕಕ್ಕೆ ಬರುತ್ತಿದ್ದುದು ಈ ದಂಡೆಯಲ್ಲಿ. ಗೈಡ್‌ಗಳು ಗೋವಾದ ಹೆಸರೆತ್ತಿ ಸುಮ್ಮನಾಗುತ್ತಾರೆ. ಕೆನರಾ ಕರಾವಳಿಯ ಕಥೆಯನ್ನು ನಾವೇ ಹೇಳಬೇಕು.

ಆ ಅರಮನೆ, ಆ ಕಚೇರಿ, ಅದರ ಕಡತ ಎಲ್ಲ ಹೋದದ್ದು 1755ರ ನವೆಂಬರ್ 1ರಂದು. ಸರ್ವ ಸಂತರ ಹಬ್ಬದ ಬೆಳಗ್ಗೆ, ಜನ ಚರ್ಚುಗಳಲ್ಲಿ ತುಂಬಿದ್ದ ಹೊತ್ತಿಗೆ ಭೂಮಿ ನಡುಗಿತು. ಹೆದರಿದವರು ಬಯಲಿದೆಯೆಂದು ನದಿದಂಡೆಗೆ ಓಡಿ ಬಂದರು. ಸ್ವಲ್ಪ ಹೊತ್ತಿನಲ್ಲಿ ಸುನಾಮಿ ಅಲ್ಲಿಗೇ ಬಂತು. ಬಲಿಪೀಠದ ಮೋಂಬತ್ತಿಗಳಿಂದ, ಅಡುಗೆ ಒಲೆಗಳಿಂದ ಹತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ಆಮೇಲೆ ಮಂತ್ರಿ ಪೊಂಬಾಲ್ ಈ ತಗ್ಗು ಪ್ರದೇಶವನ್ನು ನೇರ ಗೆರೆ ಎಳೆದಂತೆ ಮತ್ತೆ ಕಟ್ಟಿಸಿದ. ಗೋಡೆಯೊಳಗೆ ಮರದ ಪಂಜರ ಕೂರಿಸಿ, ಕಂಪಿಸಿದರೂ ಕುಸಿಯದ ಮನೆಗಳನ್ನು ಎಬ್ಬಿಸಿದರು. ಮಾದರಿಯೊಂದರ ಸುತ್ತ ಸೈನಿಕರನ್ನು ಹೆಜ್ಜೆ ಹಾಕಿಸಿ ನೆಲ ಅದುರಿಸಿ ಪರೀಕ್ಷೆ ಮಾಡಿದರೆಂಬ ಕಥೆಯೂ ಉಂಟು. ಬಾಯ್ಶ ಎಂಬ ಈ ಬಡಾವಣೆ ಚೆಂದವಾಗಿದೆ, ಅಚ್ಚುಕಟ್ಟಾಗಿದೆ. ಅಂಗಡಿ ನೋಡುತ್ತ ಬೇಗ ದಾಟಿಬಿಡಬಹುದು. ಹಾಡು ಇಲ್ಲಿನದಲ್ಲ.

ರೊಸಿಯೊ ಚೌಕದ ಪಕ್ಕದಲ್ಲಿ ಸಾವ್ ದೊಮಿಂಗೊಶ್ ಚರ್ಚಿದೆ. 1506ರಲ್ಲಿ, ಬಲವಂತದಿಂದ ಕ್ರೈಸ್ತರಾಗಿದ್ದ ಯಹೂದಿಗಳ ಮೇಲೆ ನಡೆದ ಕಗ್ಗೊಲೆ ಇಲ್ಲಿಂದಲೇ ಶುರುವಾಯಿತು. ಹೊರಗೆ ಅದರ ಸ್ಮಾರಕ ಕಲ್ಲು ನಿಲ್ಲಿಸಿದ್ದಾರೆ. 1959ರಲ್ಲಿ ಚರ್ಚಿಗೆ ಬೆಂಕಿ ಬಿತ್ತು. ಸೀಳಿದ ಕಂಬಗಳನ್ನು ಮುಚ್ಚದೆ ಹಾಗೇ ಉಳಿಸಿಕೊಂಡಿದ್ದಾರೆ. ಎದುರಿಗೇ ಒಂದು ಗೂಡಂಗಡಿ, 1840ರಿಂದ ಅಲ್ಲಿದೆ. ಹುಳಿ ಚೆರಿ ಹಣ್ಣು ನೆನೆಹಾಕಿದ ಜಿಂಜಿನ್ಯ ಎಂಬ ಸಿಹಿ ಮದ್ಯ ಪುಟ್ಟ ಲೋಟದಲ್ಲಿ ಕೊಡುತ್ತಾರೆ. ಜನ ನಿಂತೇ ಕುಡಿದು, ಬೀಜವನ್ನು ಉಗಿದು ಮುಂದೆ ನಡೆಯುತ್ತಾರೆ. ಕೊಲೆಯ ನೆನಪಿನ ಕಲ್ಲಿಗೂ ಈ ಸಂಜೆಯ ಗುಟುಕಿಗೂ ನಡುವೆ ಕೆಲವೇ ಹೆಜ್ಜೆ. ಒಳ್ಳೆಯ ಗೈಡ್ ಮೊದಲು ಕಲ್ಲನ್ನು ತೋರಿಸುತ್ತಾರೆ.

ಅಲ್ಲಿಂದ ಮಾರ್ತಿಂ ಮೊನಿಶ್ ದಾಟಿದರೆ ಮೊರಾರಿಯ. 1147ರಲ್ಲಿ ಕ್ರೈಸ್ತರು ಊರು ಗೆದ್ದ ಮೇಲೆ ಸೋತ ಮೂರರನ್ನು, ಅಂದರೆ ಮುಸ್ಲಿಮರನ್ನು, ಕೋಟೆಯ ಹೊರಗೆ ಇರಿಸಿದ ಕೇರಿ. ಇಂದು ಬೆನ್ಫೊರ್ಮೊಸೊ ಬೀದಿಯಲ್ಲಿ ಬಾಂಗ್ಲಾದೇಶದವರ, ನೇಪಾಳಿಗಳ, ನಮ್ಮವರ ದಿನಸಿ ಅಂಗಡಿಗಳು ಸಾಲಾಗಿವೆ. ತೊಗರಿಬೇಳೆ ಸಿಗುತ್ತದೆ, ಹಸಿಮೆಣಸಿನಕಾಯಿ ಸಿಗುತ್ತದೆ, ಒಗ್ಗರಣೆಯ ವಾಸನೆಗೂ ಕೊರತೆಯಿಲ್ಲ. ಕೆಲವು ಗೈಡ್‌ಗಳು ಈ ಬೀದಿಯನ್ನು ತಪ್ಪಿಸಿ 'ನಿಜವಾದ ಲಿಸ್ಬನ್' ತೋರಿಸುವುದಾಗಿ ಹೇಳುತ್ತಾರೆ. ನಗು ಬರುತ್ತದೆ. ಹೊರಗಿನಿಂದ ಬಂದವರ ಕೇರಿಯಲ್ಲವೆ ಫಾದೊ ಬೆಳೆದದ್ದು? ರಾಜಪರಿವಾರ ಬ್ರೆಜಿಲ್‌ನಿಂದ 1821ರಲ್ಲಿ ಮರಳಿದ ಆಸುಪಾಸಿನಲ್ಲಿ ನಾವಿಕರು, ಆಫ್ರಿಕಾ ಮೂಲದವರು, ಸೂಳೆಗೇರಿಯವರು, ಹೆಂಡದಂಗಡಿಯವರ ನಡುವೆ ಈ ಹಾಡು ರೂಪ ತಳೆಯಿತು. ಅದರ ಬೇರಿನಲ್ಲಿ ಆಫ್ರೊ-ಬ್ರೆಜಿಲಿಯನ್ ಕುಣಿತದ ಹಾಡುಗಳಿವೆ ಎನ್ನುವ ವಿದ್ವಾಂಸರು ಹಲವರು. ಈ ಕಾಲದ ಹೆಸರಾಂತ ಗಾಯಕಿ ಮರೀಜಾ ಹುಟ್ಟಿದ್ದು ಮೊಜಾಂಬಿಕ್‌ನಲ್ಲಿ, ಬೆಳೆದದ್ದು ಇದೇ ಮೊರಾರಿಯದಲ್ಲಿ.

ಕಪೆಲಾವ್ ಎಂಬ ಓಣಿಯ ಬಾಯಲ್ಲಿ ಕಲ್ಲಿನ ಗಿಟಾರೊಂದನ್ನು ನಿಲ್ಲಿಸಿದ್ದಾರೆ. ಮರಿಯಾ ಸೆವೆರಾ ಬಾಳಿದ ಓಣಿ ಇದು. ಹೆಂಡದಂಗಡಿಗಳಲ್ಲಿ ಹಾಡುತ್ತಿದ್ದ, ಮೈ ಮಾರಿಕೊಂಡು ಬದುಕುತ್ತಿದ್ದ ಹೆಣ್ಣು. 1846ರಲ್ಲಿ ತೀರಿಕೊಂಡಾಗ ಅವಳಿಗೆ ಇಪ್ಪತ್ತಾರು. ವಿಮಿಯೊಸೊದ ಕೌಂಟ್ ಒಬ್ಬ ಅವಳಿಗೆ ಮರುಳಾಗಿದ್ದ. ಫಾದೊ ಬಡವರ ಓಣಿಯಿಂದ ಸಿರಿವಂತರ ಮನೆಗೆ ಹೊಕ್ಕ ಕಥೆಯನ್ನು ಇವರಿಬ್ಬರ ಹೆಸರಲ್ಲೇ ಹೇಳುವುದು ವಾಡಿಕೆ. ಪೋರ್ಚುಗಲ್‌ನ ಮೊದಲ ಮಾತಿನ ಚಿತ್ರ, 1931ರದ್ದು, ಅವಳ ಕುರಿತೇ. ಅವಳ ದನಿ ಹೇಗಿತ್ತೆಂದು ಕೇಳಿ ಹೇಳುವ ದಾಖಲೆ ಇರಲು ಸಾಧ್ಯವಿಲ್ಲ. ಆದರೂ ಗಾಯಕಿಯರು ಇಂದಿಗೂ ಹೆಗಲಿಗೆ ಕಪ್ಪು ಶಾಲು ಹೊದ್ದಾಗ, ಅದು ಅವಳ ಶೋಕಕ್ಕೆ ಎನ್ನುವವರಿದ್ದಾರೆ.

ಇನ್ನು ಏರು. ಮೊಣಕಾಲು ನೋವಿನವರು 28ನೇ ನಂಬರಿನ ಹಳದಿ ಟ್ರ್ಯಾಮ್ ಹತ್ತಬಹುದು, ಜಾಗ ಸಿಕ್ಕರೆ. 2025ರ ಸೆಪ್ಟೆಂಬರ್ 3ರಂದು ಊರಿನ ಇನ್ನೊಂದು ಗುಡ್ಡದಲ್ಲಿ ಗ್ಲೋರಿಯಾ ಎಂಬ ಹಳೆಯ ಕೇಬಲ್ ಗಾಡಿ ಹಳಿ ತಪ್ಪಿ 16 ಮಂದಿ ಸತ್ತರು. ಅಂದಿನಿಂದ ಈ ಮುದ್ದಾದ ಹಳೇ ಗಾಡಿಗಳನ್ನು ಬರೀ ಫೋಟೊಗೆಂದು ನೋಡುವುದು ಕಷ್ಟ. ಕಾಲ ಕೆಳಗಿನ ಸುಣ್ಣಕಲ್ಲಿನ ಹಾಸು ಸವೆದು ನುಣುಪಾಗಿದೆ. ಮಳೆ ಬಂದರಂತೂ ಜಾರುಬಂಡೆ. ಚಪ್ಪಲಿ ಬೇಡ, ಅಡಿ ಹಿಡಿಯುವ ಶೂ ಇರಲಿ. ಅದೇ ಕಲ್ಲುಗಳಿಂದ ವೀಲ್ಸ್ ಎಂಬ ಕಲಾವಿದ, ಹಾಸುಗಲ್ಲಿನ ಕೆಲಸಗಾರರ ಜತೆ ಸೇರಿ, 2015ರಲ್ಲಿ ಫಾದೊ ಗಾಯಕಿ ಅಮಾಲಿಯಾ ರೋಡ್ರಿಗಸ್ ಅವರ ಮುಖವನ್ನು ಇಲ್ಲಿ ಮೂಡಿಸಿದ್ದಾನೆ. ನೆಲದಿಂದ ಎದ್ದು ಗೋಡೆ ಹತ್ತುವ ಚಿತ್ರ. ಮಳೆ ಸುರಿದಾಗ ಕಲ್ಲು ಅಳಲಿ ಎಂಬುದು ಅವನ ಎಣಿಕೆ.

ಪೊರ್ತಾಶ್ ದೊ ಸೊಲ್ ಕಟ್ಟೆಯಿಂದ ಕೆಳಗೆ ಅಲ್ಫಾಮ ಎಂಬ ಹಳೆಯ ಕೇರಿಯ ಹೆಂಚಿನ ಮಾಡುಗಳು, ಆಚೆ ನದಿ, ಎಡಗಡೆ ಬಿಳಿ ಗುಮ್ಮಟ. ಆ ಗುಮ್ಮಟದ್ದೇ ಒಂದು ಕಥೆ. ಸಾಂತ ಎಂಗ್ರಾಸಿಯ ಚರ್ಚಿನ ಕಟ್ಟೋಣ 1682ರಲ್ಲಿ ಶುರುವಾಗಿ ಮುಗಿದದ್ದು 1966ರಲ್ಲಿ. ಮುಗಿಯದ ಕೆಲಸಕ್ಕೆಲ್ಲ ಪೋರ್ಚುಗೀಸರು ಅದರ ಹೆಸರು ಹಿಡಿಯುತ್ತಾರೆ. ಬೆಂಗಳೂರಿನ ಮೇಲ್ಸೇತುವೆಗಳ ಕೆಳಗೆ ಓಡಾಡುವವರಿಗೆ ಬೇರೆ ವಿವರಣೆ ಬೇಡ. ಈಗ ಅದು ರಾಷ್ಟ್ರೀಯ ಸ್ಮಾರಕ ಮಂದಿರ. 1999ರಲ್ಲಿ ಅಮಾಲಿಯಾ ತೀರಿಕೊಂಡಾಗ ದೇಶ ಮೂರು ದಿನ ಶೋಕ ಆಚರಿಸಿತು. ಎರಡು ವರ್ಷದ ನಂತರ ಅವರ ಅವಶೇಷವನ್ನು ಇಲ್ಲಿಗೆ ತಂದರು. ಈ ಮಂದಿರದಲ್ಲಿ ಜಾಗ ಪಡೆದ ಮೊದಲ ಹೆಂಗಸು ಅವರೇ, ಬಡತನದಲ್ಲಿ ಬೆಳೆದು ಬಂದರಿನ ಬಳಿ ಹಣ್ಣು ಮಾರಿದ್ದ ಹುಡುಗಿ.

ಅಲ್ಫಾಮ ಭೂಕಂಪದಲ್ಲಿ ಬಹುಮಟ್ಟಿಗೆ ಉಳಿಯಿತು. ಈಗಿನ ಕಂಪನ ಬೇರೆ ತರಹದ್ದು. ಓಣಿಯ ಬಾಗಿಲುಗಳ ಪಕ್ಕದಲ್ಲಿ ಪ್ರವಾಸಿಗರಿಗೆ ದಿನದ ಬಾಡಿಗೆ ಮನೆ ಎಂದು ಸೂಚಿಸುವ ಪುಟ್ಟ ಫಲಕಗಳನ್ನು ನೋಡುತ್ತ ಬನ್ನಿ, ಎಷ್ಟು ಮನೆಗಳಲ್ಲಿ ಊರವರಿಲ್ಲ ಎಂದು ತಿಳಿಯುತ್ತದೆ. ಕಿಟಕಿಗೆ ಒಣಹಾಕಿದ ಬಟ್ಟೆ, ಹೊಸ್ತಿಲಲ್ಲಿ ಕುಳಿತು ಜಿಂಜಿನ್ಯ ಮಾರುವ ಅಜ್ಜಿ ಇನ್ನೂ ಸಿಗುತ್ತಾರೆ. ನೆರೆಹೊರೆಯ ಬಗ್ಗೆ ಹಾಡುವ ಸಂಗೀತವನ್ನು ಕೇಳಲೆಂದು ಬಂದ ನಾವೇ ನೆರೆಹೊರೆಯನ್ನು ಎಬ್ಬಿಸುತ್ತಿದ್ದೇವೆ. ಈ ಮಾತನ್ನು ಗೈಡ್ ಹೇಳಿದರೆ ಗುಂಪಿನಲ್ಲಿ ಒಂದಿಬ್ಬರು ಕೆಮ್ಮುತ್ತಾರೆ, ಅಷ್ಟೇ.

ಈಗ ಆ ಆದೇಶ. 1926ರಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಮರುವರ್ಷ ಹೊರಟ ಕಾನೂನಿನ ಪ್ರಕಾರ ಹಾಡುವವರಿಗೆ ವೃತ್ತಿಯ ಕಾರ್ಡು ಬೇಕು, ಹಾಡಿಸುವ ಜಾಗಕ್ಕೆ ಲೈಸೆನ್ಸ್ ಬೇಕು, ಸಾಹಿತ್ಯ ಮೊದಲೇ ಸೆನ್ಸಾರ್ ಕಣ್ಣಿಗೆ ಬೀಳಬೇಕು. ಮೂಲೆಮೂಲೆಯ ಹೆಂಡದಂಗಡಿಯಲ್ಲಿ ಯಾರೆಂದರೆ ಅವರು ಎದ್ದು, ಅಂದಂದಿನ ರಾಜಕೀಯವನ್ನೂ ಸೇರಿಸಿ ಕಟ್ಟಿ ಹಾಡುತ್ತಿದ್ದ ಪದ್ಧತಿಗೆ ಇದು ಪೆಟ್ಟು. ಪರವಾನಗಿ ಪಡೆದ, ಮೇಜು ಹಾಸಿ ಊಟ ಹಾಕುವ 'ಫಾದೊ ಮನೆ'ಗಳು 1930ರ ದಶಕದಿಂದ ಒಂದೊಂದಾಗಿ ತಲೆ ಎತ್ತಿದವು. ಅಲ್ಲಿಗೆ ಹಾಡು ಸಂಬಳದ ಕೆಲಸವಾಯಿತು, ಮಂದ ದೀಪ, ಕಪ್ಪು ಉಡುಗೆ, ಮೌನದ ಶಿಸ್ತು ಎಲ್ಲ ಗಟ್ಟಿಯಾದವು. ಸಲಜಾರ್ ಸರ್ವಾಧಿಕಾರ ಮುಂದೆ ಇದೇ ಹಾಡನ್ನು ದೇಶದ ಮುಖವೆಂದು ಮೆರೆಸಿತು. 1974ರ ಕ್ರಾಂತಿಯ ನಂತರದ ತಲೆಮಾರು ಆ ಕಾರಣಕ್ಕೇ ಫಾದೊ ಎಂದರೆ ಮುಖ ತಿರುಗಿಸಿತು. ತೊಂಬತ್ತರ ದಶಕದಲ್ಲಿ ಅದು ಮತ್ತೆ ಚೇತರಿಸಿಕೊಂಡಿತು. 2011ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಹಾಗಾಗಿ ಮೇಜಿನ ಮೇಲಿನ ಊಟವನ್ನು ಕಂಡು 'ಇದು ಅಸಲಿಯಲ್ಲ' ಎನ್ನುವುದು ಅರ್ಧ ತಿಳಿದವರ ಮಾತು. ಅಸಲಿ ಯಾವುದೆಂದರೆ ಅದರಲ್ಲಿ ಸರ್ಕಾರದ ಲೈಸೆನ್ಸೂ ಸೇರಿದೆ.

ಮನೆಯೊಳಗೆ ಹೀಗೆ ನಡೆಯುತ್ತದೆ. ಸೂಪು ಬರುತ್ತದೆ, ಮಾತು ಏರುತ್ತದೆ. ಇದ್ದಕ್ಕಿದ್ದಂತೆ ದೀಪ ಇಳಿಸುತ್ತಾರೆ, ಯಾರೋ 'ಸದ್ದು ಬೇಡ, ಫಾದೊ ಹಾಡುತ್ತಾರೆ' ಎನ್ನುತ್ತಾರೆ. ಮಾಣಿ ತಟ್ಟೆ ಹಿಡಿದಲ್ಲೇ ಗೋಡೆಗೆ ಒರಗಿ ನಿಲ್ಲುತ್ತಾನೆ. ಚಮಚದ ಸದ್ದೂ ನಿಲ್ಲಬೇಕು. ಮೂರೋ ನಾಲ್ಕೋ ಹಾಡು, ದೀಪ ಹತ್ತುತ್ತದೆ, ಮೀನು ಬರುತ್ತದೆ. ಹಾಡಿನ ನಡುವೆ ಮಾಣಿ ಓಡಾಡುವ ಮನೆಯಾದರೆ ಎದ್ದು ಬರಬಹುದು. ನನಗೆ ಗೊತ್ತಿರುವ ಅತಿ ಸುಲಭದ ಪರೀಕ್ಷೆ ಅದು.

ಮೈಕ್ ಇರುವುದಿಲ್ಲ. ಪಕ್ಕವಾದ್ಯ ಎರಡು. ಒಂದು ಪೋರ್ಚುಗೀಸ್ ಗಿಟಾರ್, ಜೋಡಿಜೋಡಿಯಾಗಿ ಹನ್ನೆರಡು ತಂತಿ, ಬೆರಳಿಗೆ ಉಗುರು ಸಿಕ್ಕಿಸಿಕೊಂಡು ನುಡಿಸುತ್ತಾರೆ. ಇನ್ನೊಂದು ನಮಗೆ ಪರಿಚಯದ ಮಾಮೂಲು ಗಿಟಾರ್, ಲಯ ಹಿಡಿಯುವುದು ಅದರ ಕೆಲಸ. ಮೊದಲನೆಯದು ಗಾಯಕಿ ಸಾಲು ಬಿಟ್ಟ ಕಡೆಯೆಲ್ಲ ಉತ್ತರ ಕೊಡುತ್ತ ಹೋಗುತ್ತದೆ. ಹಿಂದೂಸ್ತಾನಿ ಕೇಳುವವರು ಸಾರಂಗಿಯ ಮೇಲಿಡುವ ಕಿವಿಯನ್ನು ಇದರ ಮೇಲಿಡಬೇಕು. ಇನ್ನೊಂದು ಗುಟ್ಟಿದೆ. ಸಾಂಪ್ರದಾಯಿಕ ಫಾದೊದಲ್ಲಿ ಮಟ್ಟು ಬೇರೆ, ಪದ್ಯ ಬೇರೆ. ಮೆನೊರ್, ಕೊರೀದೊ, ಮೊರಾರಿಯ ಎಂಬ ಮೂರು ಮೂಲ ಮಟ್ಟುಗಳು, ಅವುಗಳ ಸುತ್ತ ಬೆಳೆದ ಇನ್ನೆಷ್ಟೋ ಮಟ್ಟುಗಳು. ಛಂದಸ್ಸು ಹೊಂದಿದರೆ ಯಾವ ಪದ್ಯವನ್ನಾದರೂ ಕೂರಿಸಬಹುದು. ಕುಮಾರವ್ಯಾಸನ ಷಟ್ಪದಿಯನ್ನು ಗಮಕಿಗಳು ಸಂದರ್ಭಕ್ಕೆ ತಕ್ಕ ರಾಗದಲ್ಲಿ ಹಾಡುವುದನ್ನು ಕೇಳಿದವರಿಗೆ ಇದು ಹೊಸತಲ್ಲ. ಗಾಯಕಿ ಮಟ್ಟಿನ ಹೆಸರು ಮತ್ತು ಶ್ರುತಿಯನ್ನು ಪಿಸುಗುಟ್ಟಿದರೆ ಸಾಕು, ಹಿಂದೆಂದೂ ಜತೆಗೂಡಿ ನುಡಿಸದವರೂ ಹಿಡಿದುಕೊಳ್ಳುತ್ತಾರೆ. ಒಂದೇ ರಾತ್ರಿ ಎರಡು ಮೂರು ಮನೆಗಳಲ್ಲಿ ಹಾಡಿಬರಲು ಸಾಧ್ಯವಾಗುವುದು ಹೀಗೆ. ಕೊನೆಯ ಸಾಲನ್ನು ಎಳೆದು ನಿಲ್ಲಿಸಿದಾಗ ಮೂಲೆಯ ಮುದುಕರು 'ಆಹ್, ಫಾದಿಷ್ತಾ!' ಎಂದು ಕೂಗುತ್ತಾರೆ. ಅದು ಅವರ ಭಲೇ.

ಸಸ್ಯಾಹಾರಿಗಳು ಮೊದಲೇ ಹೇಳಿಟ್ಟಿರಬೇಕು. ಸೊಪ್ಪು, ಆಲೂಗಡ್ಡೆಯ ಸೂಪು ಎಂದು ಕೊಡುವ ಕಾಲ್ದೊ ವೆರ್ದೆಯಲ್ಲಿ ಹಂದಿಯ ಸಾಸೇಜಿನ ಬಿಲ್ಲೆ ತೇಲುತ್ತಿರುತ್ತದೆ. ಬೀನ್ಸನ್ನು ಹಿಟ್ಟಿನಲ್ಲಿ ಅದ್ದಿ ಕರಿದ 'ತೋಟದ ಮೀನು' ಕೇಳಿ. ಹೆಸರಿಗೆ ಹೆದರಬೇಡಿ, ಅದು ಬಜ್ಜಿಯೇ. ಜಪಾನಿನ ತೆಂಪುರಕ್ಕೆ ಮೂಲ ಇದೇ ಎನ್ನುತ್ತಾರೆ. ಮೀನು ತಿನ್ನುವವರಿಗೆ ಒಣ ಕಾಡ್ ಮೀನಿನ ಬಕಲ್ಯಾವ್ ಉಂಟು. ದೇಶದ ಮೀನೆಂದು ಮೆರೆಯುವ ಇದು ಅವರ ಕಡಲಲ್ಲಿ ಸಿಗುವುದೇ ಇಲ್ಲ, ಉತ್ತರದ ತಣ್ಣೀರಿನಿಂದ ಬರಬೇಕು. ಕುಳಿತ ಕೂಡಲೇ ಮೇಜಿಗೆ ಬರುವ ಬ್ರೆಡ್ಡು, ಆಲಿವ್, ಚೀಸು ಪುಕ್ಕಟೆಯಲ್ಲ. ಮುಟ್ಟಿದರೆ ಬಿಲ್ಲಿಗೆ ಸೇರುತ್ತದೆ, ಬೇಡವೆಂದರೆ ಬೇಸರವಿಲ್ಲದೆ ಒಯ್ಯುತ್ತಾರೆ.

ಪ್ಯಾಕೇಜಿನ ಗುಂಪುಗಳು ಹತ್ತೂವರೆ, ಹನ್ನೊಂದಕ್ಕೆ ಹೊರಡುತ್ತವೆ. ನೀವು ಹೊರಡಬೇಡಿ, ಗೈಡ್‌ಗೆ ಅಲ್ಲೇ ವಿದಾಯ ಹೇಳಿ. ಮೆಟ್ರೊ ರಾತ್ರಿ ಒಂದರವರೆಗೆ ಇದೆ. ಮೇಜುಗಳು ಖಾಲಿಯಾದ ಮೇಲೆ ಬೇರೆ ಮನೆಗಳಲ್ಲಿ ಹಾಡು ಮುಗಿಸಿದವರು ಬಂದು ಕೂರುವುದುಂಟು. ಆಗ ಹಾಡುವುದು ಅವರವರಿಗೇ. ವೀಸಾ, ವಿಮಾನದ ಖರ್ಚು ಕೇಳಿ ಎದೆಗುಂದಿದವರಿಗೆ ಹತ್ತಿರದ ದಾರಿಯೂ ಇದೆ. ಗೋವಾದಲ್ಲಿ ಸೋನಿಯಾ ಶಿರ್ಸಾಟ್ ಅವರಂಥ ಗಾಯಕಿಯರು ಫಾದೊ ಉಳಿಸಿಕೊಂಡಿದ್ದಾರೆ. ಪಣಜಿಯ ಫೊಂತೈನ್ಹಸ್ ಓಣಿಗಳಲ್ಲಿ ಸುತ್ತಾಡಿ, ಕೊಂಕಣಿಯ ಮಾಂಡೊ ಜತೆ ಅದನ್ನೂ ಕೇಳಿ ಬರಬಹುದು. ಹುಬ್ಬಳ್ಳಿಯಿಂದ ಬೆಳಗಿನ ಬಸ್ಸು ಹಿಡಿದರೆ ಸಂಜೆಯ ನಡಿಗೆಗೆ ಹೊತ್ತಿಗೆ ಮುಂಚೆಯೇ ತಲುಪುತ್ತೀರಿ. ಕಾರ್ಯಕ್ರಮ ಎಂದು ಎಂಬುದನ್ನು ಮಾತ್ರ ವಿಚಾರಿಸಿಕೊಂಡು ಹೊರಡಿ.