ಕೋವಿ ಯಾವ ದೇಶದ್ದು?

ಹಾಸನ ಸೀಮೆಯಲ್ಲಿ ಕೋವಿಯ ಮಾತು ಬಂದರೆ ಮೊದಲು ಕೇಳುವುದು ಅದರ ವಯಸ್ಸನ್ನಲ್ಲ, ಸ್ಥಿತಿಯನ್ನೂ ಅಲ್ಲ. ಯಾವ ದೇಶದ್ದು ಎಂದು ಕೇಳುತ್ತಾರೆ. ದುದ್ದದ ಕಡೆ ಬೆಳೆ ರಕ್ಷಣೆಗೆ ಲೈಸೆನ್ಸು ಪಡೆದ ರೈತರಿರಲಿ, ಸಕಲೇಶಪುರದ ಕಾಫಿ ತೋಟದವರಿರಲಿ, "ಅಸಲಿ ಇಂಗ್ಲೆಂಡ್ ಮಾಲು ಕಣಪ್ಪ, ತಾತನ ಕಾಲದ್ದು" ಎಂದುಬಿಟ್ಟರೆ ಮುಂದೆ ಪರೀಕ್ಷೆಯೇ ಬೇಡ. ಬೆಲ್ಜಿಯಂನದು ಎಂದರೆ ಅದೂ ಪರವಾಗಿಲ್ಲ. ಇಶಾಪುರದ ಸರ್ಕಾರಿ ಕಾರ್ಖಾನೆಯದು ಎಂದರೆ "ಗಟ್ಟಿ, ಆದರೆ ಒರಟು" ಎಂಬ ತೀರ್ಪು. ಬಿಹಾರದ ಮುಂಗೇರಿನದು ಎಂದರೆ ಹುಬ್ಬು ಗಂಟಿಕ್ಕುತ್ತದೆ. ವಿದೇಶಿ ಕೋವಿಗಳ ಆಮದು ದಶಕಗಳಿಂದ ಬಿಗಿಯಾಗಿರುವುದರಿಂದ ದೇಶದೊಳಗೆ ಮೊದಲೇ ಇದ್ದ ಹಳೆಯ ಕೋವಿಗಳೇ ಕೈಯಿಂದ ಕೈಗೆ ದಾಟುತ್ತವೆ. ವಸ್ತು ಅಪರೂಪವಾದಷ್ಟೂ ಹೆಸರಿಗೆ ಬೆಲೆ ಏರುತ್ತದೆ. ಆ ಬೆಲೆಯೇ ಗುಣಮಟ್ಟಕ್ಕೆ ಸಾಕ್ಷಿ ಎಂದು ನಂಬುವುದೂ ಸುಲಭವಾಗುತ್ತದೆ.

ಈ ನಂಬಿಕೆಯಲ್ಲಿ ನಿಜ ಎಷ್ಟು? ಅದನ್ನು ತಿಳಿಯಲು ಕೋವಿಯೊಳಗೆ ಏನಾಗುತ್ತದೆ ಎಂದು ನೋಡಬೇಕು.

ನಮ್ಮಲ್ಲಿ ಹೆಚ್ಚಾಗಿರುವ ತೋಟೆ ಕೋವಿ 12 ಬೋರಿನದು. ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮ ಗುಂಡುಗಳಾಗಿ ಮಾಡಿದರೆ ಒಂದು ಗುಂಡಿನ ಅಡ್ಡಳತೆ ಎಷ್ಟಾಗುತ್ತದೋ ನಳಿಗೆಯ ಒಳ ಅಳತೆಯೂ ಅಷ್ಟೇ, ಸುಮಾರು 18.5 ಮಿಲಿಮೀಟರ್. ಕುದುರೆ ಎಳೆದ ಕೂಡಲೇ ತೋಟೆಯ ಮದ್ದು ಉರಿದು ಅನಿಲವಾಗುತ್ತದೆ, ಕೆಲವೇ ಮಿಲಿಸೆಕೆಂಡುಗಳಲ್ಲಿ ಚರೆಯನ್ನು ಹೊರದಬ್ಬುತ್ತದೆ. ಇಂದಿನ ಸಾಧಾರಣ 12 ಬೋರ್ ತೋಟೆಗೆ ಯುರೋಪಿನ ನಿಯಮ ನಿಗದಿ ಮಾಡಿರುವ ಗರಿಷ್ಠ ಸರಾಸರಿ ಒತ್ತಡ 740 ಬಾರ್. ಕಾರಿನ ಚಕ್ರದಲ್ಲಿ ಇರುವುದು ಸುಮಾರು ಎರಡು ಬಾರ್. ಈ ಒತ್ತಡ ಅತಿ ಹೆಚ್ಚಾಗಿರುವುದು ತೋಟೆ ಕೂರುವ ಕೋಣೆಯ ಆಸುಪಾಸಿನಲ್ಲಿ. ಅಂದರೆ ಈಡು ಹೊಡೆಯುವವನ ಎಡಗೈ ಮತ್ತು ಮುಖ ಇರುವ ಕಡೆ. ಅದಕ್ಕೇ ನಳಿಗೆ ಅಲ್ಲಿ ದಪ್ಪ, ಬಾಯಿಯ ಕಡೆ ಹೋಗುತ್ತಾ ತೆಳು. ಹೀಗೆ ತೆಳುವಾಗಿಸುವಾಗ ಎಷ್ಟು ಉಕ್ಕು ಉಳಿಸಬೇಕು, ಯಾವ ಉಕ್ಕು ಬೇಕು, ಅದನ್ನು ಹೇಗೆ ಕಾಯಿಸಿ ತಣಿಸಬೇಕು ಎಂಬುದೇ ಕೋವಿ ಮಾಡುವವನ ವಿದ್ಯೆ. ಕಣ್ಣಿಗೆ ಬೀಳುವ ಕೆತ್ತನೆ, ಹೊಳೆಯುವ ವಾಲ್‌ನಟ್ ಮರ ಎಲ್ಲ ಆಮೇಲಿನ ಮಾತು.

ಒಳಗಿನ ಉಕ್ಕು ಕೊಳ್ಳುವವನಿಗೆ ಕಾಣುವುದಿಲ್ಲ. ಅದಕ್ಕಾಗಿಯೇ ಪ್ರೂಫ್ ಹೌಸುಗಳು ಹುಟ್ಟಿದವು. ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ 1637ರಲ್ಲಿ ಸನದು ಸಿಕ್ಕಿತು. ಬೆಲ್ಜಿಯಂನ ಲಿಯೇಜ್ ನಗರದಲ್ಲಿ 1672ರಿಂದ ಪ್ರೂಫ್ ಪರೀಕ್ಷೆ ನಡೆಯುತ್ತಿದೆ. ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸು 1813ರದು. ಕೆಲಸ ಸರಳ: ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟೆ ತುಂಬಿ ಹೊಡೆದು ನೋಡುವುದು. ಈಗ 740 ಬಾರಿನ ಕೋವಿಗೆ 930 ಬಾರಿನ ಪರೀಕ್ಷೆ. ಸಿಡಿಯದೆ, ಉಬ್ಬದೆ, ಸಡಿಲವಾಗದೆ ಉಳಿದರೆ ಮುದ್ರೆ ಒತ್ತುತ್ತಾರೆ.

ಆ ಮುದ್ರೆ ಎಲ್ಲಿರುತ್ತದೆ ಎಂದು ನೋಡಿ. ತೋಟೆ ಇಲ್ಲವೆಂದು ಖಾತ್ರಿ ಮಾಡಿಕೊಂಡು ಜೋಡಿ ನಳಿಗೆಯ ಕೋವಿಯನ್ನು ಮುರಿದು, ಮುಂದಿನ ಮರದ ತುಂಡು ಬಿಚ್ಚಿ, ನಳಿಗೆಗಳನ್ನು ಬೇರ್ಪಡಿಸಿ ಮಗುಚಬೇಕು. ಕೋಣೆಯ ಅಡಿಭಾಗದಲ್ಲಿ ಎಣ್ಣೆ ಜಿಡ್ಡಿನ ಕೆಳಗೆ ಚಿಕ್ಕಚಿಕ್ಕ ಗುರುತುಗಳು ಕಾಣುತ್ತವೆ. ಕಿರೀಟದ ಕೆಳಗೆ ಬಿ ಮತ್ತು ಪಿ ಅಕ್ಷರಗಳಿದ್ದರೆ ಅದು ಬರ್ಮಿಂಗ್‌ಹ್ಯಾಮ್. ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ಇ, ಎಲ್, ಜಿ ಎಂಬ ಮೂರು ಅಕ್ಷರಗಳಿದ್ದರೆ ಲಿಯೇಜ್. ಮೇಲ್ಭಾಗದಲ್ಲಿ, ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಚೆಂದದ ಅಕ್ಷರಗಳಲ್ಲಿ ಇರುವ ಹೆಸರು ಎಷ್ಟೋ ಸಲ ಮಾರಿದ ಅಂಗಡಿಯದು. ಕಲ್ಕತ್ತಾದ ಆರ್.ಬಿ. ರಾಡ್ಡಾ, ಮದ್ರಾಸಿನ ಪಿ. ಓರ್ ಅಂಥ ಅಂಗಡಿಗಳು ಬೇರೆಯವರು ಮಾಡಿದ ಕೋವಿಗಳನ್ನು ತಮ್ಮ ಹೆಸರು ಕೆತ್ತಿಸಿ ಮಾರುತ್ತಿದ್ದವು. ದೊಡ್ಡ ಹೆಸರಿನ ಇಂಗ್ಲಿಷ್ ತಯಾರಕರಲ್ಲೂ ಹಲವರು ಬರ್ಮಿಂಗ್‌ಹ್ಯಾಮ್‌ನ ಸಣ್ಣ ಕಾರ್ಯಾಗಾರಗಳಿಂದ ಭಾಗಗಳನ್ನು ತರಿಸಿಕೊಳ್ಳುತ್ತಿದ್ದರು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದು ಮಾಡುತ್ತಿದ್ದ ಡಮಾಸ್ಕಸ್ ನಳಿಗೆಗಳು ಬೆಲ್ಜಿಯಂನಿಂದ ಇಂಗ್ಲೆಂಡಿಗೆ ಹೋಗುತ್ತಿದ್ದವು. "ಅಸಲಿ ಇಂಗ್ಲೆಂಡ್" ಕೋವಿಯ ನಳಿಗೆ ಲಿಯೇಜಿನ ಬೆಂಕಿಯಲ್ಲಿ ಬೆಂದಿರಬಹುದು.

ಮೋಸವೂ ಇತ್ತು. ಇಂಗ್ಲೆಂಡಿನ ವೆಸ್ಟ್ಲಿ ರಿಚರ್ಡ್ಸ್ ಹೆಸರಿಗೆ ಹತ್ತಿರವಾಗುವಂತೆ 'ಡಬ್ಲ್ಯು. ರಿಚರ್ಡ್ಸ್' ಎಂದು ಕೆತ್ತಿದ ಅಗ್ಗದ ಬೆಲ್ಜಿಯಂ ಕೋವಿಗಳು ಅಮೆರಿಕದಲ್ಲಿ ಮಾರಾಟವಾದವು. ಜರ್ಮನಿಯ ಚಾಕು ಕತ್ತರಿಗಳು ಇಂಗ್ಲೆಂಡಿನ ಶೆಫೀಲ್ಡ್ ಹೆಸರು ಹೊತ್ತು ಬರುತ್ತಿದ್ದವು. ಸಿಟ್ಟಾದ ಬ್ರಿಟಿಷ್ ಸರ್ಕಾರ 1887ರಲ್ಲಿ ವ್ಯಾಪಾರ ಮುದ್ರೆಗಳ ಕಾಯ್ದೆ ತಂದಿತು. 'ಮೇಡ್ ಇನ್ ಜರ್ಮನಿ' ಎಂಬ ಬರಹ ಬಳಕೆಗೆ ಬಂದದ್ದು ಅದರಿಂದ, ಕೊಳ್ಳುವವರು ಎಚ್ಚರದಿಂದಿರಲಿ ಎಂಬ ಉದ್ದೇಶದಿಂದ. ಅದಕ್ಕೆ ಹನ್ನೊಂದು ವರ್ಷ ಮೊದಲು, 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಜರ್ಮನಿಯ ಇಂಜಿನಿಯರ್ ಫ್ರಾಂಟ್ಸ್ ರೋಲೊ ತಮ್ಮ ದೇಶದ ಸರಕು ಅಗ್ಗ ಮತ್ತು ಕಳಪೆ ಎಂದು ತಾವೇ ಬರೆದಿದ್ದರು. ಜರ್ಮನ್ ಕಾರ್ಖಾನೆಗಳು ತಿದ್ದಿಕೊಂಡವು. ಎಚ್ಚರಿಕೆಗೆಂದು ಒತ್ತಿಸಿದ ಬರಹ ಕೆಲವೇ ದಶಕಗಳಲ್ಲಿ ಹೊಗಳಿಕೆಯಾಯಿತು. ಹೀಗೆ ಬದಲಾಗುವ ಹೆಸರನ್ನು ನಾವು ಮಾತ್ರ ಶಾಶ್ವತ ಎಂದುಕೊಳ್ಳುತ್ತೇವೆ.

ಮನಸ್ಸು ಹೀಗೆ ಕೆಲಸ ಮಾಡುವುದನ್ನು ವಿಜ್ಞಾನಿಗಳು ಅಳೆದೂ ನೋಡಿದ್ದಾರೆ. ರಾಬರ್ಟ್ ಸ್ಕೂಲರ್ 1965ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗ್ವಾಟೆಮಾಲಾದ ವಿದ್ಯಾರ್ಥಿಗಳಿಗೆ ಹಣ್ಣಿನ ರಸ ಮತ್ತು ಬಟ್ಟೆಯ ತುಂಡು ಕೊಟ್ಟರು. ಎಲ್ಲರಿಗೂ ಕೊಟ್ಟದ್ದು ಒಂದೇ ಸರಕು, ಚೀಟಿಯ ಮೇಲಿನ ದೇಶ ಮಾತ್ರ ಬೇರೆ ಬೇರೆ. ಕೋಸ್ಟರಿಕಾ, ಎಲ್ ಸಾಲ್ವಡಾರ್ ಎಂದು ಬರೆದಿದ್ದ ಸರಕಿಗೆ ಕಡಿಮೆ ಅಂಕ ಬಿತ್ತು. ಮುಂದೆ 1989ರಲ್ಲಿ ಸಿ. ಮಿನ್ ಹಾನ್ ಎಂಬ ಸಂಶೋಧಕ ಇದರ ಎರಡು ಬಗೆಗಳನ್ನು ಬಿಡಿಸಿ ತೋರಿಸಿದರು. ಸರಕಿನ ಪರಿಚಯ ಇಲ್ಲದವರು ದೇಶದ ಹೆಸರಿನಿಂದ ಗುಣವನ್ನು ಊಹಿಸುತ್ತಾರೆ. ಪರಿಚಯ ಇದ್ದವರು ತಾವು ಕಂಡ ಹತ್ತಾರು ಸರಕುಗಳ ಅನುಭವವನ್ನೆಲ್ಲ ಒಂದು ದೇಶದ ಹೆಸರಿನಲ್ಲಿ ಗಂಟು ಕಟ್ಟಿಡುತ್ತಾರೆ. ಕೋವಿಯ ವಿಷಯದಲ್ಲಿ ನಮ್ಮ ಹೆಚ್ಚಿನವರು ಮೊದಲ ಗುಂಪಿನವರು. ಇಡೀ ಬದುಕಿನಲ್ಲಿ ಒಂದೋ ಎರಡೋ ಕೋವಿ ಹಿಡಿದವನಿಗೆ ಹೋಲಿಸಿ ನೋಡುವ ಅವಕಾಶವಾದರೂ ಎಲ್ಲಿ?

ಗಂಟು ಕಟ್ಟಿದ ಅನುಭವ ಸುಳ್ಳಲ್ಲ. ಲಿಯೇಜ್, ಬರ್ಮಿಂಗ್‌ಹ್ಯಾಮ್, ಸ್ಪೇನಿನ ಐಬಾರ್, ಇಟಲಿಯ ಗಾರ್ಡೋನೆಗಳಲ್ಲಿ ತಲೆಮಾರುಗಳ ಕೈಚಳಕ, ಉಕ್ಕಿನ ಪೂರೈಕೆ, ಪರೀಕ್ಷೆಯ ಕಟ್ಟುಪಾಡು ಎಲ್ಲ ಒಂದೆಡೆ ಕೂಡಿದ್ದವು. ಮುಂಗೇರಿನಲ್ಲೂ ಬಂಗಾಳದ ನವಾಬ ಮೀರ್ ಕಾಸಿಮನ ಕಾಲದಿಂದ, ಅಂದರೆ 1760ರ ದಶಕದಿಂದ ಆ ಕೈಚಳಕ ಇದೆ. ತೊಂದರೆ ಏನೆಂದರೆ ಕಾರ್ಖಾನೆ ಬದಲಾದಷ್ಟು ಬೇಗ ಹೆಸರು ಬದಲಾಗುವುದಿಲ್ಲ. ಬ್ರೌನಿಂಗ್ ಕಂಪನಿಯ ಆಟೋ-5 ಕೋವಿ ದಶಕಗಳ ಕಾಲ ಬೆಲ್ಜಿಯಂನಲ್ಲಿ ತಯಾರಾಗಿ, 1970ರ ದಶಕದ ಮಧ್ಯದಲ್ಲಿ ಜಪಾನಿನ ಮಿರೋಕು ಕಾರ್ಖಾನೆಗೆ ಹೋಯಿತು. ಅದೇ ವಿನ್ಯಾಸ, ಅದೇ ಹೆಸರು. ಅಲ್ಲಿನ ಯಂತ್ರಗಳು ನಿಖರತೆಯಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಆದರೂ ಸಂಗ್ರಾಹಕರು ಇಂದಿಗೂ ಬೆಲ್ಜಿಯಂನದನ್ನೇ ಹುಡುಕುತ್ತಾರೆ.

ದೇಶದ ಹೆಸರು ಎಷ್ಟು ಹೇಳುತ್ತದೆ, ಎಷ್ಟು ಹೇಳುವುದಿಲ್ಲ ಎಂಬುದಕ್ಕೆ ಕೋವಿಗಿಂತ ದೊಡ್ಡ ಸಾಕ್ಷಿ ನಮ್ಮ ಹಾಸನದಲ್ಲೇ ಇದೆ. ಸಾಲಗಾಮೆ ರಸ್ತೆಯ ಇಸ್ರೋ ಮುಖ್ಯ ನಿಯಂತ್ರಣ ಕೇಂದ್ರ, ಎಂಸಿಎಫ್, 1982ರಿಂದ ಇನ್ಸಾಟ್ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಮೊದಲ ನಾಲ್ಕು, 1ಎ ಇಂದ 1ಡಿ ವರೆಗೆ, ಅಮೆರಿಕದ ಫೋರ್ಡ್ ಏರೋಸ್ಪೇಸ್ ಕಂಪನಿ ಮಾಡಿಕೊಟ್ಟವು. ಏಳು ವರ್ಷ ಬಾಳಬೇಕಿದ್ದ 1ಎ, ದಿಕ್ಕು ಸರಿಪಡಿಸುವ ಇಂಧನ ಖಾಲಿಯಾಗಿ ಬೇಗನೆ ಕೈಕೊಟ್ಟಿತು. 1983ರ ಆಗಸ್ಟ್ ಕೊನೆಯಲ್ಲಿ ಹೋದ 1ಬಿಯ ಸೌರಫಲಕ ಬಿಚ್ಚಿಕೊಳ್ಳಲೇ ಇಲ್ಲ. ಹಾಸನದಲ್ಲಿ ಕುಳಿತ ನಮ್ಮ ಇಂಜಿನಿಯರುಗಳು ಫೋರ್ಡಿನವರ ಜೊತೆ ಸೇರಿ ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಅದನ್ನು ಬಿಡಿಸಿದರು. ಆಮೇಲೆ ಅದು ತನ್ನ ಅವಧಿ ಪೂರೈಸಿತು. ಹಳ್ಳಿಹಳ್ಳಿಗೆ ದೂರದರ್ಶನ ಹರಡಿದ್ದು ಅದರ ಬಲದಿಂದ. 1988ರ 1ಸಿ ವಿದ್ಯುತ್ ದೋಷದಿಂದ ಹಾಳಾಯಿತು. 1990ರ 1ಡಿ ಹತ್ತು ವರ್ಷಕ್ಕೂ ಹೆಚ್ಚು ದುಡಿಯಿತು. ಒಂದೇ ದೇಶ, ಒಂದೇ ಕಂಪನಿ, ಒಂದೇ ಮಾದರಿ. ಎರಡು ಉಳಿದವು, ಎರಡು ಹೋದವು.

ಇನ್ಸಾಟ್-2ಎ ಬೆಂಗಳೂರಿನಲ್ಲಿ ಇಸ್ರೋ ತಾನೇ ಮಾಡಿದ್ದು. 1992ರಲ್ಲಿ ಮೇಲೇರಿ ಚೆನ್ನಾಗಿ ಬಾಳಿತು. ಅದೇ ಕೈಗಳು ಮಾಡಿದ 2ಡಿ 1997ರಲ್ಲಿ ಹೋಗಿ ಕೆಲವೇ ತಿಂಗಳಲ್ಲಿ ಕೆಟ್ಟಿತು. ಅಮೆರಿಕದ್ದು ಎಂದು ನೆಚ್ಚಿಕೊಳ್ಳುವಂತಿಲ್ಲ, ನಮ್ಮದು ಎಂದು ಹೆಮ್ಮೆಯಲ್ಲಿ ಮೈಮರೆಯುವಂತೆಯೂ ಇಲ್ಲ. ಪ್ರತಿ ಉಪಗ್ರಹದ ಪ್ರತಿ ತಂತಿ, ಪ್ರತಿ ಕೀಲು ನಿರ್ವಾತದಲ್ಲಿ, ಬಿಸಿಯಲ್ಲಿ, ಚಳಿಯಲ್ಲಿ, ನಡುಕದಲ್ಲಿ ಪರೀಕ್ಷೆಗೆ ಒಳಗಾಗಬೇಕು. ಇಂಜಿನಿಯರಿಂಗ್ ಗುಣಮಟ್ಟ ಎಂದರೆ ನನ್ನ ಮಟ್ಟಿಗೆ ಇದೇ: ಈ ಒಂದು ವಸ್ತುವನ್ನು ಯಾರು, ಯಾವ ಅಳತೆಗೆ, ಎಷ್ಟು ಕಠಿಣವಾಗಿ ಪರೀಕ್ಷಿಸಿದರು ಎಂಬುದರ ದಾಖಲೆ.

ಹಳೆಯ ಕೋವಿ ಮನೆಯಲ್ಲಿರುವವರಿಗೆ ಇದು ಜೀವದ ಪ್ರಶ್ನೆ, ಅದರಲ್ಲೂ ಒಂದು ಅಳತೆಯ ಕಾರಣಕ್ಕೆ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಹೆಚ್ಚಿನವುಗಳ ಕೋಣೆಯ ಉದ್ದ 65 ಮಿಲಿಮೀಟರ್. ಇಂದಿನ ತೋಟೆಗಳಲ್ಲಿ 70 ಮಿಲಿಮೀಟರಿನವು ಸಾಮಾನ್ಯ. ತೋಟೆಯ ಮೇಲೆ ಬರೆದ ಉದ್ದ ಅದರ ಬಾಯಿ ಬಿಚ್ಚಿಕೊಂಡ ಮೇಲಿನದು. ಮಡಿಚಿದ ಸ್ಥಿತಿಯಲ್ಲಿ ಅದು ಗಿಡ್ಡ, ಹಾಗಾಗಿ 65ರ ಕೋಣೆಯಲ್ಲಿ ಆರಾಮವಾಗಿ ಕೂರುತ್ತದೆ, ಕೋವಿ ಸಲೀಸಾಗಿ ಮುಚ್ಚಿಕೊಳ್ಳುತ್ತದೆ. ಹೊಡೆದಾಗ ಮಾತ್ರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ನಳಿಗೆಯ ಇಕ್ಕಟ್ಟಿಗೆ ನುಗ್ಗುತ್ತದೆ. ಚರೆಯ ದಾರಿ ಕಿರಿದಾಗಿ ಒತ್ತಡ ಏರುತ್ತದೆ. ನೂರು ವರ್ಷದ ಹಿಂದೆ ಕಡಿಮೆ ಒತ್ತಡಕ್ಕೆ ಪ್ರೂಫ್ ಆದ, ಬೆಸುಗೆಯ ಸಂದಿನಲ್ಲಿ ತುಕ್ಕು ಹಿಡಿದ ಡಮಾಸ್ಕಸ್ ನಳಿಗೆ ಅದನ್ನು ತಾಳದಿದ್ದರೆ ಇಂಗ್ಲೆಂಡಿನ ಹೆಸರು ಕೈ ಬೆರಳುಗಳನ್ನು ಉಳಿಸುವುದಿಲ್ಲ.

ಆದ್ದರಿಂದ ಒಂದು ವಿನಂತಿ. ಚುನಾವಣೆಗೆಂದು ಠಾಣೆಗೆ ಒಪ್ಪಿಸಿ ಮರಳಿ ತಂದ ಕೋವಿಯನ್ನು ಹಾಗೆಯೇ ಮೂಲೆಗೆ ಸೇರಿಸುವ ಮೊದಲು ಲೈಸೆನ್ಸು ಇರುವ ಕೋವಿ ರಿಪೇರಿಯವರ ಬಳಿ ಒಯ್ಯಿರಿ. ಕೋಣೆಯ ಉದ್ದ ಅಳೆಸಿ, ನಳಿಗೆಯ ದಪ್ಪ ನೋಡಿಸಿ, ಪ್ರೂಫ್ ಮುದ್ರೆ ಓದಿಸಿ ಬರೆದಿಟ್ಟುಕೊಳ್ಳಿ. ಹೊಳಪು ಬರಲೆಂದು ಆ ಗುರುತುಗಳನ್ನು ಉಜ್ಜಿಸಬೇಡಿ. ಹೆಸರು, ಸಂಖ್ಯೆ, ಗುರುತು ಅಳಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಮಿನ ಪ್ರಕಾರ ಅಪರಾಧವೂ ಹೌದು. ಅಳತೆ 65 ಎಂದು ಬಂದರೆ 70ರ ತೋಟೆಯನ್ನು ಯಾವ ಕಾರಣಕ್ಕೂ ತುಂಬಬೇಡಿ.