ಕರಗಬಾರದ ಮದ್ದು

ಮುಂಗಾರು ಹತ್ತಿರವಾದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಿಗರಿಗೆ ಎರಡೇ ಚಿಂತೆ: ಮರ ಹತ್ತುವ ಕೊನೆಗೌಡ ಯಾವತ್ತು ಬರುತ್ತಾನೆ, ಮದ್ದು ಹೊಡೆದು ಒಣಗುವಷ್ಟಾದರೂ ಮಳೆ ಬಿಡುವು ಕೊಡುತ್ತದೆಯೇ. ಕೊಳೆರೋಗಕ್ಕೆ ನಾವು ಹೊಡೆಯುವ ಆ ಮದ್ದು ಬೋರ್ಡೋ. ಲೆಕ್ಕ ಸುಲಭ: 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಕಲಸುವುದು ಮಾತ್ರ ಅಷ್ಟು ಸುಲಭವಲ್ಲ.

ನಮ್ಮಲ್ಲಿ ತುತ್ತವನ್ನು ಹಿಂದಿನ ಸಂಜೆಯೇ ಬಟ್ಟೆಯಲ್ಲಿ ಗಂಟು ಕಟ್ಟಿ, 50 ಲೀಟರ್ ನೀರಿನ ಪ್ಲಾಸ್ಟಿಕ್ ಡ್ರಮ್ಮಿನ ಬಾಯಿಯ ಹತ್ತಿರ ಮುಳುಗುವಂತೆ ತೂಗಿಬಿಡುತ್ತೇವೆ. ತಳಕ್ಕೆ ಸುರಿದರೆ ತುತ್ತ ಕರಗಿದ ಭಾರದ ನೀರು ಹರಳಿನ ಸುತ್ತ ಅಲ್ಲೇ ಕೂತುಬಿಡುತ್ತದೆ, ಹೊಸ ನೀರು ಹರಳಿಗೆ ತಾಗುವುದಿಲ್ಲ. ಮೇಲೆ ತೂಗಿದರೆ ನೀಲಿ ಎಳೆ ಎಳೆಯಾಗಿ ಕೆಳಗಿಳಿಯುತ್ತ, ಬೆಳಗಾಗುವಷ್ಟರಲ್ಲಿ ಡ್ರಮ್ಮಿಡೀ ತಿಳಿನೀಲಿ. ಎಷ್ಟು ದಿನ ಇಟ್ಟರೂ ಏನೂ ಕೆಳಗೆ ಕೂರುವುದಿಲ್ಲ. ನಿಜವಾದ ದ್ರಾವಣದ ಲಕ್ಷಣ ಇದು.

ಸುಣ್ಣದ ಜಾಯಮಾನ ಬೇರೆ. ಒಂದು ಲೀಟರ್ ನೀರಿನಲ್ಲಿ ಅದು 2 ಗ್ರಾಂನಷ್ಟೂ ಕರಗದು. ನೀರು ಬಿಸಿಯಾದರೆ ಇನ್ನೂ ಕಡಿಮೆ. ಉಳಿದದ್ದೆಲ್ಲ ಪುಡಿಯಾಗಿ ತೇಲುತ್ತದೆ, ಕೋಲಾಡಿಸುವುದು ನಿಂತರೆ ತಳ ಸೇರುತ್ತದೆ.

ಈ ಸುಣ್ಣದ ಹಾಲಿಗೆ ತುತ್ತದ ನೀರನ್ನು ಸಣ್ಣಗೆ ಎರೆಯಬೇಕು. ತಿರುವುಮುರುವಾದರೆ ಕಣ ದಪ್ಪವಾಗಿ ಪಂಪಿನ ನಾಜಲ್ ಕಟ್ಟಿಕೊಳ್ಳುತ್ತದೆ. ಎರೆದಂತೆ ಬಣ್ಣ ಆಕಾಶನೀಲಿಗೆ ತಿರುಗುತ್ತದೆ. ಕರಗಿದ್ದ ತಾಮ್ರ ಸುಣ್ಣದ ಜೊತೆ ಸೇರಿ, ಕರಗದ ಲೋಳೆಯಂಥ ಸಣ್ಣ ಕಣಗಳಾಗಿ ಹೊರಬಂದಿದೆ ಎಂದರ್ಥ. ಮದ್ದಿನ ಗುಟ್ಟೇ ಇದು. ಬರೀ ತುತ್ತದ ನೀರು ಹೊಡೆದರೆ ಎಳೆ ಕಾಯಿ ಸುಡುತ್ತದೆ, ಮೊದಲ ಮಳೆಗೇ ತೊಳೆದುಹೋಗುತ್ತದೆ. ಕರಗದ ಕಣವೋ ಕಾಯಿಗೆ ಅಂಟಿ ಕೂತು, ಮಳೆನೀರಿಗೆ ತಾಮ್ರವನ್ನು ಚೂರುಚೂರೇ ಬಿಟ್ಟುಕೊಡುತ್ತದೆ. ಕೊಳೆಯ ಬೀಜಾಣು ಈಜಿ ಬರುವುದೂ ಅದೇ ನೀರಿನಲ್ಲಿ.

ಹದ ನೋಡುವ ಕೆಲಸ ಚಿಕ್ಕಂದಿನಲ್ಲಿ ನನ್ನದಾಗಿತ್ತು. “ತಮಾ, ಕತ್ತಿ ಅದ್ದಿ ನೋಡು” ಎನ್ನುತ್ತಿದ್ದರು ಅಪ್ಪಯ್ಯ. ಹೊಳೆಯುವ ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಕರಗಿದ ತಾಮ್ರ ಇನ್ನೂ ಉಳಿದಿದೆ, ಸುಣ್ಣ ಸಾಲದು. ಕಬ್ಬಿಣ ತಾನು ಕರಗಿ ತಾಮ್ರವನ್ನು ಹೊರದಬ್ಬುತ್ತದೆ. ಕಬ್ಬಿಣದ ಬಾನಿಯಲ್ಲಿ ತುತ್ತ ನೆನೆಸಬಾರದು ಎನ್ನುವುದೂ ಇದಕ್ಕೇ. ಗಾಳಿಗೆ ಬಿದ್ದ ಹಳೆಯ ಸುಣ್ಣ ಮತ್ತೆ ಸುಣ್ಣಕಲ್ಲೇ ಆಗಿರುತ್ತದೆ, ತೂಕಕ್ಕಿದ್ದರೂ ಕೆಲಸಕ್ಕಿಲ್ಲ. ಈಗ ಬಣ್ಣ ತಿರುಗುವ ಪಿಎಚ್ ಕಾಗದ ಸಿಗುತ್ತದೆ. ನನಗೆ ಕತ್ತಿಯ ಮೇಲೇ ನಂಬಿಕೆ.

ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲಿ ಎಂದು ರಸ್ತೆಬದಿಯ ಬಳ್ಳಿಗೆ ತುತ್ತ-ಸುಣ್ಣ ಬಳಿಯುತ್ತಿದ್ದರಂತೆ. ಆ ಬಳ್ಳಿಗಳಿಗೆ ರೋಗ ತಗುಲದ್ದನ್ನು ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಅದನ್ನು ಪ್ರಕಟಿಸಿದರು. ಅಡಿಕೆಗೆ ತಂದವರು ಮೈಸೂರು ಸರ್ಕಾರದ ಕೆನಡಾ ಮೂಲದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಕೊಳೆರೋಗದ ಕುರಿತ ಅವರ ವರದಿ ಬಂದದ್ದು 1910ರಲ್ಲಿ. ನಮ್ಮ ಸೀಮೆ ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಕರಡ ಹುಲ್ಲಿನ ಕೊಟ್ಟೆ ಕಟ್ಟಿ ಕೊಳೆಯಿಂದ ಕೊನೆ ಕಾಯುವುದು ಇಲ್ಲಿಯ, ಮದ್ದಿಗಿಂತ ಹಳೆಯ ಪದ್ಧತಿ.

ಕಲಸಿದ ಮದ್ದನ್ನು ಅಂದೇ ಮುಗಿಸಬೇಕು. ರಾತ್ರಿ ಕಳೆದರೆ ಕಣ ಬೆಳೆದು ದಪ್ಪವಾಗಿ ಅಂಟುಗುಣ ಹೋಗುತ್ತದೆ. ಉಳಿಯಿತೆಂದು ಹಳ್ಳಕ್ಕೆ ಚೆಲ್ಲುವಂತಿಲ್ಲ, ತಾಮ್ರ ಮೀನಿಗೆ ವಿಷ. ಅದಕ್ಕೇ ಮಧ್ಯಾಹ್ನದ ಮೇಲೆ ಮೋಡ ನೋಡಿಕೊಂಡು ಅರ್ಧ ಡ್ರಮ್ಮಷ್ಟೇ ಕಲಸುತ್ತೇವೆ.